ಅರ್ಧ ವರ್ಷ ಮುಗಿಯಿತು, ಈಗ ಏನು ಮಾಡಬೇಕು? 6, 7, 8ನೇ ತರಗತಿ ಮಕ್ಕಳ ಪೋಷಕರಿಗೆ ಸಮಗ್ರ ಮಾರ್ಗದರ್ಶಿ

ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ ಪೋಷಕರು ನನ್ನನ್ನು ಎರಡೇ ಪ್ರಶ್ನೆ ಕೇಳುತ್ತಾರೆ. "ಎಷ್ಟು ಮಾರ್ಕ್ಸ್ ಬಂತು ಮಿಸ್?" ಆಮೇಲೆ, "ಟ್ಯೂಷನ್‌ಗೆ ಹಾಕಬೇಕಾ?" ಹಿರಿಯ ಪ್ರಾಥಮಿಕ ತರಗತಿಗಳಿಗೆ ಗಣಿತ ಹೇಳಿಕೊಡಲು ಶುರುಮಾಡಿ 18 ವರ್ಷ ಆಯಿತು. "ಎಲ್ಲಿ ತಪ್ಪಿದ್ದಾಳೆ, ಯಾಕೆ ತಪ್ಪಿದ್ದಾಳೆ?" ಎಂದು ಕೇಳಿದವರು ಇಷ್ಟು ವರ್ಷದಲ್ಲಿ ಬೆರಳೆಣಿಕೆಯಷ್ಟು. ನನಗೆ ಬೇಕಾಗಿರುವುದು ಆ ಮೂರನೇ ಪ್ರಶ್ನೆ. ಅದಕ್ಕೆ ಮನೆಯಲ್ಲೇ ಉತ್ತರ ಹುಡುಕುವುದು ಹೇಗೆ, ಸಿಕ್ಕಿದ ಮೇಲೆ ಜನವರಿಯೊಳಗೆ ಸರಿಮಾಡುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ. ನಮ್ಮ ರಾಜ್ಯ ಪಠ್ಯಕ್ರಮವನ್ನು ಮನಸ್ಸಲ್ಲಿಟ್ಟುಕೊಂಡು ಬರೆದದ್ದು. ಬೇರೆ ಪಠ್ಯಕ್ರಮದ ಮಕ್ಕಳಿಗೂ ಇದರಲ್ಲಿ ಜಾಸ್ತಿ ಏನೂ ಬದಲಾಗುವುದಿಲ್ಲ.

ಈಗಲೇ ಯಾಕೆ?

ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಎಫ್‌ಎ, ಎಸ್‌ಎ ಅಂತ ಮಕ್ಕಳು ಹೇಳುತ್ತಾರಲ್ಲ, ಅವೇ. ಪಾಠದ ನಡುನಡುವೆ ನಡೆಯುವ ಚಿಕ್ಕದು ಎಫ್‌ಎ, ಅರ್ಧ ವರ್ಷದ ಕೊನೆಗೆ ನಡೆಯುವ ದೊಡ್ಡ ಪರೀಕ್ಷೆ ಎಸ್‌ಎ. ದಸರಾ ಹೊತ್ತಿಗೆ ಎರಡು ಎಫ್‌ಎ, ಒಂದು ಎಸ್‌ಎ ಮುಗಿದಿರುತ್ತವೆ. ಉಳಿದದ್ದೂ ಅಷ್ಟೇ. ಅಂದರೆ ಸರಿಯಾಗಿ ಅರ್ಧ ದಾರಿ.

ಆದರೆ ಎರಡು ಅರ್ಧ ಒಂದೇ ತರ ಇರುವುದಿಲ್ಲ. ರಜೆ ಮುಗಿಸಿ ಬಂದ ಮಕ್ಕಳು ಪುಸ್ತಕದ ಭಾಗ 2 ತೆಗೆಯುತ್ತಾರೆ. ಭಾಗ 1 ಗೊತ್ತಿದೆ ಎಂದುಕೊಂಡೇ ಭಾಗ 2 ಬರೆದಿರುತ್ತಾರೆ. 7ನೇ ತರಗತಿ ಗಣಿತವನ್ನೇ ನೋಡಿ. ಮೊದಲ ಅರ್ಧದಲ್ಲಿ ಪೂರ್ಣಾಂಕ, ಭಿನ್ನರಾಶಿ, ದಶಮಾಂಶ, ಸರಳ ಸಮೀಕರಣ. ಎರಡನೇ ಅರ್ಧದಲ್ಲಿ ಶೇಕಡಾ, ಲಾಭ-ನಷ್ಟ, ಸರಳ ಬಡ್ಡಿ, ಭಾಗಲಬ್ಧ ಸಂಖ್ಯೆಗಳು. ಭಿನ್ನರಾಶಿ ಬಾರದ ಮಗು ಶೇಕಡಾ ಲೆಕ್ಕ ಹೇಗೆ ಮಾಡಬೇಕು? ಸುಮ್ನೆ ಬೋರ್ಡ್ ನೋಡಿ ನಕಲು ಮಾಡಿಕೊಳ್ಳುತ್ತದೆ. ಮಾರ್ಚ್‌ನಲ್ಲಿ "ಗಣಿತ ನನಗೆ ಆಗಲ್ಲ" ಎನ್ನುತ್ತದೆ. ಅಕ್ಟೋಬರ್‌ನಲ್ಲಿ ಹದಿನೈದು ದಿನ ಕೊಟ್ಟಿದ್ದರೆ ಆ ಮಾತೇ ಬರುತ್ತಿರಲಿಲ್ಲ.

ಹೆಜ್ಜೆ 1: ಉತ್ತರ ಪತ್ರಿಕೆಯನ್ನು ಕೈಗೆ ತೆಗೆದುಕೊಳ್ಳಿ

ಮೊದಲನೇ ಎಸ್‌ಎ ಆದ ಮೇಲೆ ಸರ್ಕಾರಿ ಶಾಲೆಗಳಲ್ಲಿ "ಸಮುದಾಯದತ್ತ ಶಾಲೆ" ಅಂತ ಒಂದು ದಿನ ಇರುತ್ತದೆ. ಮಕ್ಕಳ ಉತ್ತರ ಪತ್ರಿಕೆಗಳನ್ನು ಪೋಷಕರಿಗೆ ತೋರಿಸುವ ದಿನ ಅದು. ಕೂಲಿ ಬಿಟ್ಟು ಬರುವುದು ಕಷ್ಟ, ನನಗೆ ಗೊತ್ತು. ಅಪ್ಪ ಅಮ್ಮನಿಗೆ ಆಗದಿದ್ದರೆ ಅಜ್ಜಿ ಬರಲಿ, ಓದಿದ ಅಕ್ಕ ಬರಲಿ. ಖಾಸಗಿ ಶಾಲೆಯಾದರೆ ಪೋಷಕರ ಸಭೆಯಲ್ಲಿ ಪತ್ರಿಕೆ ಕೇಳಿ ನೋಡಿ. ಅಂಕಪಟ್ಟಿಯಲ್ಲಿ ಬಿ ಪ್ಲಸ್ ಅಂತ ಬರೆದಿರುತ್ತದೆ, ಅಷ್ಟೇ. ಎಲ್ಲಿ ಏನು ಹೋಯಿತು ಅನ್ನುವುದು ಉತ್ತರ ಪತ್ರಿಕೆಯಲ್ಲೇ ಇರುತ್ತದೆ.

ಪತ್ರಿಕೆ ಮನೆಗೆ ಕೊಡುವುದಿಲ್ಲ ಎಂದರೆ ಅಲ್ಲೇ ಮಗುವಿನ ಜೊತೆ ಕುಳಿತು ತಪ್ಪಿದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಪ್ರಶ್ನೆ, ಅದರ ಕೆಳಗೆ ಮಗು ಬರೆದ ತಪ್ಪು ಉತ್ತರ. ತಪ್ಪು ಉತ್ತರ ಬರೆದುಕೊಳ್ಳುವುದು ಮರೆಯಬೇಡಿ. ಮುಂದಿನ ಕೆಲಸಕ್ಕೆಲ್ಲ ಅದೇ ಆಧಾರ.

ಆಮೇಲೆ ಪ್ರತಿ ತಪ್ಪಿನ ಪಕ್ಕದಲ್ಲಿ ಮಗುವಿನ ಕೈಯಲ್ಲೇ ಒಂದು ಅಕ್ಷರ ಬರೆಸಿ. ಗೊತ್ತಿತ್ತು, ಅವಸರದಲ್ಲಿ ತಪ್ಪಿತು ಅಂದರೆ "ಅ". ಪ್ರಶ್ನೆಯೇ ಅರ್ಥ ಆಗಲಿಲ್ಲ ಅಂದರೆ "ಪ್ರ". ವಿಷಯವೇ ಗೊತ್ತಿಲ್ಲ ಅಂದರೆ "ಗೊ". ಸಮಯ ಸಾಲಲಿಲ್ಲ ಅಂದರೆ "ಸ". ಮಗು ನಿಜ ಹೇಳಬೇಕಾದರೆ ಒಂದು ಷರತ್ತಿದೆ. ಆ ಹೊತ್ತಿನಲ್ಲಿ ನೀವು ಬೈಯಬಾರದು, ಪಕ್ಕದ ಮನೆ ಹುಡುಗನ ಹೆಸರು ಎತ್ತಬಾರದು. ಒಂದು ಸಲ ಬೈದರೆ ಆಮೇಲೆ ಎಲ್ಲದಕ್ಕೂ "ಅವಸರ" ಅಂತಲೇ ಬರೆಯುತ್ತದೆ.

ಒಬ್ಬ ಹುಡುಗನ ಪತ್ರಿಕೆ ಇನ್ನೂ ನನ್ನ ಕಣ್ಣಲ್ಲಿದೆ. 7ನೇ ತರಗತಿ. ಅಕ್ಷರ ಮುತ್ತಿನ ಹಾಗೆ. ಐದು ಲೆಕ್ಕ ತಪ್ಪಾಗಿತ್ತು. ಒಂದು ಸುತ್ತಳತೆಯದು, ಒಂದು ಸಮೀಕರಣ, ಒಂದು ಹಾಲಿನ ಲೆಕ್ಕ, ಎರಡು ನೇರ ಭಿನ್ನರಾಶಿ. ಮನೆಯವರು "ಎಲ್ಲದರಲ್ಲೂ ವೀಕ್" ಎಂದುಕೊಂಡಿದ್ದರು. ಹತ್ತಿರದಿಂದ ನೋಡಿದರೆ ಐದರಲ್ಲೂ ಒಂದೇ ತಪ್ಪು. 1/2 + 1/3 = 2/5 ಎಂದು ಬರೆದಿದ್ದ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದ್ದ. ಉಳಿದದ್ದೆಲ್ಲ ಸರಿಯಿತ್ತು. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ರಿಪೇರಿ.

ಹೆಜ್ಜೆ 2: ಬುಡ ಎಲ್ಲಿದೆ ಎಂದು ಬಾಯಿಮಾತಲ್ಲೇ ಹುಡುಕಿ

ಪೆನ್ನು ಬೇಡ, ಪುಸ್ತಕ ಬೇಡ. ಸಂಜೆ ಸೊಪ್ಪು ಬಿಡಿಸುವಾಗ ಈ ಪ್ರಶ್ನೆಗಳನ್ನು ಕೇಳಿ.

ಅರ್ಧ ದೊಡ್ಡದೋ, ಮೂರನೇ ಒಂದು ಭಾಗ ದೊಡ್ಡದೋ? "ಮೂರು ದೊಡ್ಡದು, ಅದಕ್ಕೇ 1/3" ಎಂದರೆ ಭಿನ್ನರಾಶಿಯ ಅರ್ಥವೇ ಕೂತಿಲ್ಲ.

0.5 ದೊಡ್ಡದೋ, 0.25 ದೊಡ್ಡದೋ? "0.25. ಯಾಕೆಂದರೆ 25 ದೊಡ್ಡದು" ಎನ್ನುವ ಮಕ್ಕಳು 8ನೇ ತರಗತಿಯಲ್ಲೂ ಇದ್ದಾರೆ.

−7ಕ್ಕೆ 3 ಕೂಡಿದರೆ? −10 ಎಂದರೆ ಪೂರ್ಣಾಂಕದ ಬುಡ ಸಡಿಲ.

8 ಏಳ್ಲಿ? ಬೆರಳು ಮಡಚಲು ಶುರುಮಾಡಿದರೆ ಮಗ್ಗಿ. ಇದು ನಾಚಿಕೆಪಡುವ ವಿಷಯವಲ್ಲ, ಆದರೆ ಬಿಡುವಂಥದ್ದೂ ಅಲ್ಲ. ಮಗ್ಗಿ ಬಾರದ ಮಗುವಿಗೆ ಪ್ರತಿ ಲೆಕ್ಕವೂ ಎರಡು ಪಟ್ಟು ಉದ್ದ. "ಸ" ಗುರುತು ಜಾಸ್ತಿ ಇರುವ ಪತ್ರಿಕೆಗಳ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಕೊನೆಗೆ ವಿಜ್ಞಾನ ಪುಸ್ತಕದ ಯಾವುದಾದರೂ ಒಂದು ಪ್ಯಾರಾ ಕೊಟ್ಟು ಜೋರಾಗಿ ಓದಿಸಿ. ಓದಿದ ಮೇಲೆ ಪುಸ್ತಕ ಮುಚ್ಚಿ, "ಏನು ಹೇಳಿದ್ದಾರೆ?" ಎಂದು ಕೇಳಿ. ಓದು ಸರಾಗವಾಗಿದ್ದು ಏನೂ ಹೇಳಲು ಬಾರದಿದ್ದರೆ ಒಂದು ತೊಂದರೆ. ಒತ್ತಕ್ಷರಕ್ಕೇ ತಡವರಿಸಿದರೆ ಬೇರೆ ತೊಂದರೆ. ಎರಡಕ್ಕೂ ಮದ್ದು ಬೇರೆ.

ಹೆಜ್ಜೆ 3: ಒಂದು ಸಲಕ್ಕೆ ಒಂದೇ ರಿಪೇರಿ

ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಯಾವುದೂ ಆಗುವುದಿಲ್ಲ. ಒಂದನ್ನು ಆರಿಸಿ, ಹತ್ತು-ಹದಿನೈದು ದಿನ ಅದನ್ನೇ ಮಾಡಿ. ಭಿನ್ನರಾಶಿಯಲ್ಲಿ ಗೊಂದಲ ಇದ್ದರೆ ಅದರಿಂದಲೇ ಶುರುಮಾಡಿ. ಶೇಕಡಾ, ಬಡ್ಡಿ, ಬೀಜಗಣಿತ ಎಲ್ಲಕ್ಕೂ ಅದು ಬೇಕು.

ಆ ಹುಡುಗನಿಗೆ ನಾನು ಮಾಡಿದ್ದನ್ನು ಹಾಗೇ ಹೇಳುತ್ತೇನೆ. ಒಂದು ಹಳೆ ನೋಟ್‌ಬುಕ್ ಹಾಳೆ ತಗೊಳ್ಳಿ. ಉದ್ದಕ್ಕೆ ಸರಿಯಾಗಿ ಎರಡು ಭಾಗ ಮಡಚಿ, ಬಿಚ್ಚಿ. ಈಗ ಅಡ್ಡಕ್ಕೆ ಮೂರು ಭಾಗ ಮಡಚಿ, ಬಿಚ್ಚಿ. ಮಡಿಕೆಯ ಗೆರೆಗಳ ನಡುವೆ ಆರು ಮನೆ ಕಾಣುತ್ತವೆ. "ಹಾಳೆಯ ಅರ್ಧ ಎಷ್ಟು ಮನೆ?" ಮೂರು. ಬಣ್ಣ ಹಚ್ಚಿಸಿ. "ಹಾಳೆಯ ಮೂರನೇ ಒಂದು ಭಾಗ ಎಷ್ಟು ಮನೆ?" ಎರಡು. ಉಳಿದ ಮನೆಗಳಲ್ಲಿ ಎರಡಕ್ಕೆ ಬೇರೆ ಬಣ್ಣ. ಈಗ ಬಣ್ಣ ಬಿದ್ದದ್ದು ಒಟ್ಟು ಎಷ್ಟು? ಆರರಲ್ಲಿ ಐದು. 5/6. ಪಕ್ಕದಲ್ಲಿ ಅವನದೇ ಹಳೆಯ 2/5 ಇಟ್ಟೆ. "2/5 ಅರ್ಧಕ್ಕಿಂತ ಜಾಸ್ತಿನೋ ಕಡಿಮೆನೋ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಕಡಿಮೆ ಮಿಸ್. ಅರ್ಧಕ್ಕೆ ಇನ್ನೂ ಸೇರಿಸಿದೀನಿ, ಕಡಿಮೆ ಹೆಂಗಾಗುತ್ತೆ?" ಎಂದ. ಅಲ್ಲಿಗೆ ನನ್ನ ಪಾಠ ಮುಗಿದಿತ್ತು. ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಅನ್ನುವ ಪದ ನಾನು ಆಡಿದ್ದು ಮಾರನೆಯ ದಿನ.

ದಶಮಾಂಶಕ್ಕೆ ನಾವೆಲ್ಲ ಪೈಸೆ ಲೆಕ್ಕ ಹೇಳಿ ಕಲಿತವರು. ಇವತ್ತಿನ ಮಕ್ಕಳಿಗೆ ಅದು ಆಗುವುದಿಲ್ಲ. 25 ಪೈಸೆ ನಾಣ್ಯ 2011ರಲ್ಲೇ ಚಲಾವಣೆಯಿಂದ ಹೋಯಿತು, ಈ ಮಕ್ಕಳು ಅದನ್ನು ನೋಡಿಯೇ ಇಲ್ಲ. ಅದರ ಬದಲು ತೂಕ ಹಿಡಿಯಿರಿ. ಅರ್ಧ ಕೆಜಿ ಅಂದರೆ 0.5, ಕಾಲು ಕೆಜಿ ಅಂದರೆ 0.25. ಅಂಗಡಿಗೆ ಕಳಿಸುವಾಗ ಚೀಟಿಯಲ್ಲಿ "ಟೊಮೆಟೊ 0.5, ಬೆಳ್ಳುಳ್ಳಿ 0.25" ಎಂದು ಬರೆದುಕೊಡಿ. ತಕ್ಕಡಿ ಮುಂದೆ ನಿಂತು ನೋಡಿದ್ದು ಮರೆಯುವುದಿಲ್ಲ.

ಋಣ ಸಂಖ್ಯೆಗೆ ಸಾಲದ ಲೆಕ್ಕವೇ ಸುಲಭ. 7 ರೂಪಾಯಿ ಸಾಲ ಇದೆ, ಕೈಗೆ 3 ರೂಪಾಯಿ ಬಂತು, ಕೊಟ್ಟುಬಿಟ್ಟೆ. ಇನ್ನೆಷ್ಟು ಸಾಲ? 4. ಅದೇ −4.

ಮಗ್ಗಿಗೆ ಹೊಸ ದಾರಿ ಏನೂ ಇಲ್ಲ. ದಿನಾ ಐದು ನಿಮಿಷ, ಕ್ರಮ ತಪ್ಪಿಸಿ ಕೇಳಬೇಕು. ಸಾಲಾಗಿ ಹಾಡಿನಂತೆ ಒಪ್ಪಿಸುವ ಮಕ್ಕಳು "7 ಒಂಬತ್ಲಿ?" ಎಂದರೆ ಮತ್ತೆ 7 ಒಂದ್ಲಿಯಿಂದ ಹೊರಡುತ್ತಾರೆ.

ಹೆಜ್ಜೆ 4: "ಪ್ರ" ಗುರುತಿನ ತಪ್ಪುಗಳಿಗೆ ಓದಿಸಿ

6ನೇ ತರಗತಿಯಿಂದ ಪಾಠದ ಕನ್ನಡ ಒಮ್ಮೆಲೇ ಗಟ್ಟಿಯಾಗುತ್ತದೆ. ದ್ಯುತಿಸಂಶ್ಲೇಷಣೆ, ಸಾರ್ವಭೌಮ, ಉಷ್ಣವಾಹಕತೆ. ಮನೆಯಲ್ಲಿ ಯಾರೂ ಆಡದ ಪದಗಳು. ಎಷ್ಟೋ ಮಕ್ಕಳಿಗೆ ವಿಷಯ ಗೊತ್ತಿರುತ್ತದೆ, ಪದ ಗೊತ್ತಿರುವುದಿಲ್ಲ. ಕನ್ನಡ ಮಾಧ್ಯಮದಿಂದ 6ಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮಕ್ಕಳಿಗಂತೂ ಇದು ಇಮ್ಮಡಿ ಕಷ್ಟ. ಅಂಥ ಮಕ್ಕಳಿಗೆ ಪಾಠವನ್ನು ಮೊದಲು ಕನ್ನಡದಲ್ಲಿ ಅರ್ಥಮಾಡಿಸಿ. ತಪ್ಪೇನೂ ಇಲ್ಲ. ಅರ್ಥ ಒಮ್ಮೆ ಕೂತರೆ ಇಂಗ್ಲಿಷ್ ಪದ ಆಮೇಲೆ ಬಂದು ಸೇರಿಕೊಳ್ಳುತ್ತದೆ.

ದಿನಾ ಹತ್ತು ನಿಮಿಷ ಜೋರಾಗಿ ಓದುವುದು ಸಾಕು. ನಾಳೆ ನಡೆಯುವ ಪಾಠದ ಒಂದು ಪುಟ ಓದಲಿ. ತಪ್ಪಿದ ಕೂಡಲೇ ಬಾಯಿ ಹಾಕಬೇಡಿ, ವಾಕ್ಯ ಮುಗಿಯಲಿ. ನಿಮಗೆ ಓದು ಬರುವುದಿಲ್ಲವೇ? ಪರವಾಗಿಲ್ಲ, ಕುಳಿತು ಕೇಳಿ. "ಅದು ಹಂಗಂದ್ರೆ ಏನು?" ಎಂದು ನಿಜವಾಗಿ ಕೇಳಿ. ನನ್ನ ತರಗತಿಯ ಒಬ್ಬ ಹುಡುಗಿ ತನ್ನ ಅಜ್ಜಿಗೆ ವಿವರಿಸಿ ವಿವರಿಸಿಯೇ ವಿಜ್ಞಾನದಲ್ಲಿ ಮುಂದೆ ಬಂದಳು. ಅಜ್ಜಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ.

ಗಣಿತದ ಹೇಳಿಕೆ ಲೆಕ್ಕಕ್ಕೆ ಒಂದು ಉಪಾಯ. ಮೊದಲು ಅದನ್ನು ಕಥೆಯಾಗಿ ಹೇಳಿಸಿ, ಅಂಕಿ ಮುಟ್ಟುವುದು ಬೇಡ. "ಅಂಗಡಿಯವನು 240 ರೂಪಾಯಿಗೆ ಕೊಂಡ ಚೀಲವನ್ನು 300 ರೂಪಾಯಿಗೆ ಮಾರಿದನು. ಶೇಕಡಾ ಲಾಭ ಎಷ್ಟು?" ಇಲ್ಲಿ ಲಾಭ 60 ಎಂದು ಎಲ್ಲರೂ ಹೇಳುತ್ತಾರೆ. ಆಮೇಲೆ ಅರ್ಧ ತರಗತಿ 60ನ್ನು 300ರಿಂದ ಭಾಗಿಸಿ ಶೇಕಡಾ 20 ಎಂದು ಬರೆಯುತ್ತದೆ. "ಅವನು ಹಾಕಿದ ದುಡ್ಡು ಯಾವುದು?" ಎಂದು ಕೇಳಿ. 240. ಹಾಕಿದ ದುಡ್ಡಿನ ಮೇಲೆ ತಾನೆ ಲಾಭ? 60/240, ಅಂದರೆ 1/4, ಅಂದರೆ ಶೇಕಡಾ 25. ಕಥೆ ಹೇಳಿದ ಮಗು ಈ ತಪ್ಪು ಮಾಡುವುದು ತುಂಬ ಕಡಿಮೆ.

ಹೆಜ್ಜೆ 5: ಮುಕ್ಕಾಲು ಗಂಟೆಯ ಸಂಜೆ

ಸಂಜೆ ಐದಕ್ಕೆ ಮನೆಗೆ ಬಂದ ಮಗುವನ್ನು ಕೂಡಲೇ ಪುಸ್ತಕದ ಮುಂದೆ ಕೂರಿಸಬೇಡಿ. ತಿನ್ನಲಿ, ಆಡಲಿ. ಕತ್ತಲಾದ ಮೇಲೆ ಮುಕ್ಕಾಲು ಗಂಟೆ. 20 ನಿಮಿಷ ರಿಪೇರಿ ಲೆಕ್ಕ, 10 ನಿಮಿಷ ಜೋರು ಓದು, 15 ನಿಮಿಷ ಇವತ್ತಿನ ಪಾಠ ನೆನಪು ಮಾಡಿಕೊಳ್ಳುವುದು. ಹೋಂವರ್ಕ್ ಇದರ ಹೊರಗೆ. ನೆನಪು ಮಾಡಿಕೊಳ್ಳುವುದು ಅಂದರೆ ಪುಸ್ತಕ ಮುಚ್ಚಿಟ್ಟು ಹೇಳುವುದು ಅಥವಾ ಬರೆಯುವುದು. ತೆರೆದ ಪುಸ್ತಕವನ್ನು ನಾಲ್ಕು ಸಲ ಓದಿದರೆ ಬಂದಂತೆ ಅನಿಸುತ್ತದೆ, ಬಂದಿರುವುದಿಲ್ಲ. ಇವತ್ತು ಕಲಿತದ್ದನ್ನು ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ಮುಂದಿನ ವಾರ ಒಮ್ಮೆ ಕೇಳಿ.

ಆ ಹೊತ್ತಿನಲ್ಲಿ ಮೊಬೈಲ್ ಅಡುಗೆಮನೆಯಲ್ಲಿರಲಿ. ನಿಮ್ಮದೂ ಅಲ್ಲೇ ಇರಲಿ.

ಇನ್ನೊಂದು ಮಾತು. ನವೆಂಬರ್, ಡಿಸೆಂಬರ್ ಬಂತೆಂದರೆ ರಾಗಿ ಕೊಯ್ಲು, ಭತ್ತದ ಒಕ್ಕಲು, ಮದುವೆ, ಜಾತ್ರೆ. ಹಳ್ಳಿ ಶಾಲೆಯಲ್ಲಿ ಹಾಜರಿ ಕಳಚುವುದು ಈ ತಿಂಗಳುಗಳಲ್ಲೇ. ಮೂರು ದಿನ ತಪ್ಪಿದ ಮಗು ಶೇಕಡಾ ಪಾಠದ ಆರಂಭವನ್ನೇ ತಪ್ಪಿಸಿಕೊಂಡಿರುತ್ತದೆ. ಹೋಗಲೇಬೇಕಾದ ಕಡೆ ಹೋಗಿ. ವಾಪಸ್ ಬಂದ ದಿನವೇ ಗೆಳೆಯರ ನೋಟ್ಸ್ ತರಿಸಿ, ಟೀಚರಿಗೆ ಒಂದು ಮಾತು ಹೇಳಿ.

ಹೆಜ್ಜೆ 6: ಮಗುವನ್ನೇ ಒಮ್ಮೆ ಸರಿಯಾಗಿ ನೋಡಿ

11ರಿಂದ 14 ವರ್ಷದ ಮಕ್ಕಳು ಆರು ತಿಂಗಳಲ್ಲಿ ಬೇರೆಯವರಾಗಿಬಿಡುತ್ತಾರೆ. ಜೂನ್‌ನಲ್ಲಿ ತಂದ ಯೂನಿಫಾರ್ಮ್ ಅಕ್ಟೋಬರ್‌ಗೆ ಗಿಡ್ಡ. ಮನೆಯವರು ಯೋಚಿಸದ ಒಂದು ಸಂಗತಿ ಇಲ್ಲಿದೆ. ಎತ್ತರ ಬೆಳೆದ ಮಗುವನ್ನು ನಾವು ಹಿಂದಿನ ಬೆಂಚಿಗೆ ಕಳಿಸುತ್ತೇವೆ. ಅದೇ ಹೊತ್ತಿಗೆ ಕಣ್ಣು ಮಂಜಾಗಿದ್ದರೆ ಬೋರ್ಡ್ ಕಾಣುವುದಿಲ್ಲ. ಮಗು ಹೇಳುವುದೂ ಇಲ್ಲ, ಯಾಕೆಂದರೆ ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಂಡಿರುತ್ತದೆ. ಬೀದಿಯ ಆಚೆಗಿನ ಅಂಗಡಿ ಬೋರ್ಡ್ ಓದಿಸಿ ನೋಡಿ. ಕಣ್ಣು ಕಿರಿದು ಮಾಡಿದರೆ ತಪಾಸಣೆ ಮಾಡಿಸಿ, ಅಲ್ಲಿವರೆಗೆ ಮುಂದಿನ ಬೆಂಚು ಕೇಳಿ. ಬೋರ್ಡಿನ ಲೆಕ್ಕ ತಪ್ಪಾಗಿ ಬರೆದುಕೊಂಡು, ಆ ತಪ್ಪು ಲೆಕ್ಕವನ್ನು ಸರಿಯಾಗಿ ಬಿಡಿಸಿದ ಹುಡುಗಿಯನ್ನು ನಾನು ಎರಡು ತಿಂಗಳು "ಗಮನ ಇಲ್ಲ" ಎಂದು ಗದರಿದ್ದೇನೆ. ಆಮೇಲೆ ಅವಳು ಕನ್ನಡಕ ಹಾಕಿಕೊಂಡು ಬಂದಳು. ಅವತ್ತು ನನಗಾದ ನೋವು ಇನ್ನೂ ಹೋಗಿಲ್ಲ.

ಹೆಣ್ಣುಮಕ್ಕಳಿಗೆ ಮುಟ್ಟು ಶುರುವಾಗುವುದು ಈ ತರಗತಿಗಳಲ್ಲೇ. ಮೊದಲೇ ಹೇಳಿಕೊಡಿ. ಬ್ಯಾಗಿನಲ್ಲಿ ಒಂದು ಪ್ಯಾಡ್, ಒಂದು ಒಳ ಉಡುಪು ಇರಲಿ. ಆ ಮೂರು ದಿನ ಶಾಲೆ ಬಿಡಿಸುವ ಮನೆಗಳು ಇನ್ನೂ ಇವೆ. ತಿಂಗಳಿಗೆ ಮೂರು ದಿನ ಅಂದರೆ ವರ್ಷಕ್ಕೆ ಒಂದು ತಿಂಗಳ ಪಾಠ. ದಯವಿಟ್ಟು ಬಿಡಿಸಬೇಡಿ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಅದು ಕಬ್ಬಿಣಾಂಶದ್ದು. ಊಟ ಆದ ಮೇಲೆ ನುಂಗಲು ಹೇಳಿ. ಬೆಳಗ್ಗೆ ಏನೂ ತಿನ್ನದೆ ಬರುವ ಮಕ್ಕಳಿಗೆ ಎರಡನೇ ಪೀರಿಯಡ್‌ಗೇ ತಲೆ ಸುತ್ತುತ್ತದೆ, ಅದನ್ನು ನಾವು ತರಗತಿಯಲ್ಲಿ ದಿನಾ ನೋಡುತ್ತೇವೆ.

ಗೆಳೆಯರ ವಿಷಯ ಇದಕ್ಕಿಂತ ಸೂಕ್ಷ್ಮ. ಸೋಮವಾರ ಬೆಳಗ್ಗೆ ಮಾತ್ರ ಹೊಟ್ಟೆನೋವು ಬರುತ್ತಿದ್ದರೆ, ಟಿಫಿನ್ ಬಾಕ್ಸ್ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿದ್ದರೆ, ಮೊದಲು ದಿನಾ ಹೇಳುತ್ತಿದ್ದ ಒಂದು ಹೆಸರು ಒಮ್ಮೆಲೇ ನಿಂತುಹೋಗಿದ್ದರೆ, ಏನೋ ಆಗಿದೆ. "ಯಾರು ಏನಂದರು?" ಎಂದು ಎದುರಿಗೆ ಕೂರಿಸಿ ಕೇಳಿದರೆ ಬಾಯಿ ಬಿಡುವುದಿಲ್ಲ. ಪಕ್ಕಪಕ್ಕ ನಡೆಯುವಾಗ, ಬೈಕ್ ಹಿಂದೆ ಕೂತಾಗ, ಪಾತ್ರೆ ತೊಳೆಯುವಾಗ ತಾನೇ ಹೇಳುತ್ತದೆ. ಆಗ ಮಧ್ಯೆ ಬುದ್ಧಿಮಾತು ಹೇಳಬೇಡಿ, ಪೂರ್ತಿ ಕೇಳಿ. ಹೊಡೆತ, ಬೆದರಿಕೆ, ಮೈಮುಟ್ಟುವ ಮಾತು ಬಂದರೆ ಕಾಯಬೇಡಿ. ಮುಖ್ಯ ಶಿಕ್ಷಕರ ಹತ್ತಿರ ಹೋಗಿ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ, ಮಗುವಿಗೂ ಆ ನಂಬರ್ ಬಾಯಿಪಾಠ ಮಾಡಿಸಿ.

ಹೆಜ್ಜೆ 7: ಟೀಚರ್ ಜೊತೆ ಐದು ನಿಮಿಷ

"ಹೇಗೆ ಓದುತ್ತಾನೆ?" ಎಂದು ಕೇಳಿದರೆ "ಪರವಾಗಿಲ್ಲ" ಎಂಬ ಉತ್ತರ ಬರುತ್ತದೆ. ನಾನೂ ಹಾಗೇ ಹೇಳಿದ್ದೇನೆ, ಮುಂದೆ ಇನ್ನೂ ಹತ್ತು ಜನ ನಿಂತಿರುತ್ತಾರೆ. ತಪ್ಪುಗಳ ನೋಟ್‌ಬುಕ್ ತೋರಿಸಿ, "ಇವನಿಗೆ ಭಿನ್ನರಾಶಿ ಕೂಡುವುದು ಬರುತ್ತಿಲ್ಲ, ಮನೆಯಲ್ಲಿ ಹೀಗೆ ಮಾಡಿಸುತ್ತಿದ್ದೇವೆ, ತರಗತಿಯಲ್ಲಿ ಒಮ್ಮೆ ನೋಡುತ್ತೀರಾ?" ಎಂದು ಕೇಳಿ. ಹೀಗೆ ಬಂದ ಪೋಷಕರನ್ನು ಯಾವ ಟೀಚರೂ ಮರೆಯುವುದಿಲ್ಲ. ಮೂರನೇ ಎಫ್‌ಎಗೆ ಯಾವ ಪಾಠಗಳು, ಯಾವ ಚಟುವಟಿಕೆ ಎಂದೂ ಅಲ್ಲೇ ಬರೆದುಕೊಳ್ಳಿ. ಚಟುವಟಿಕೆಯ ಚಾರ್ಟ್ ಮಗುವೇ ಮಾಡಲಿ. ಅಂಗಡಿಯಲ್ಲಿ ಕೊಂಡದ್ದು, ಅಕ್ಕ ಬರೆದದ್ದು ನಮಗೆ ಗೊತ್ತಾಗುತ್ತದೆ.

ಪ್ರತಿಭಾ ಕಾರಂಜಿ, ಆಟೋಟ ಅಂತ ಹೆಸರು ಕೊಟ್ಟಿದ್ದರೆ "ಓದು ಹಾಳಾಗುತ್ತೆ" ಎಂದು ಬಿಡಿಸಬೇಡಿ. ಲೆಕ್ಕದಲ್ಲಿ ಸೋತ ಮಗು ಶಾಲೆಗೆ ಖುಷಿಯಿಂದ ಬರಲು ಎಷ್ಟೋ ಸಲ ಅದೊಂದೇ ಕಾರಣ ಇರುತ್ತದೆ.

8ನೇ ತರಗತಿಯವರಿಗೆ ಮಾತ್ರ: ಎನ್‌ಎಂಎಂಎಸ್

ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ 8ನೇ ತರಗತಿ ಓದುತ್ತಿರುವ ಮಗು ಮನೆಯಲ್ಲಿದ್ದರೆ ಇದನ್ನು ಎರಡು ಸಲ ಓದಿ. ಎನ್‌ಎಂಎಂಎಸ್ ಅಂದರೆ ಕೇಂದ್ರ ಸರ್ಕಾರದ ಒಂದು ವಿದ್ಯಾರ್ಥಿವೇತನಕ್ಕೆ ನಡೆಯುವ ಪರೀಕ್ಷೆ. ಇದರಲ್ಲಿ ಆಯ್ಕೆಯಾದರೆ 9ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಬಾರದು. 7ನೇ ತರಗತಿಯಲ್ಲಿ ಶೇಕಡಾ 55 ಇರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡಾ 50. ಖಾಸಗಿ ಶಾಲೆ, ನವೋದಯ, ಕೇಂದ್ರೀಯ ವಿದ್ಯಾಲಯ, ಸರ್ಕಾರಿ ವಸತಿ ಶಾಲೆಯ ಮಕ್ಕಳಿಗೆ ಇದು ಇಲ್ಲ.

ಎರಡು ಪತ್ರಿಕೆ. ಒಂದು ಬುದ್ಧಿಶಕ್ತಿಯದು, ಇನ್ನೊಂದು ಪಾಠದ್ದು. ತಲಾ 90 ಪ್ರಶ್ನೆ, ತಲಾ 90 ನಿಮಿಷ. ಬುದ್ಧಿಶಕ್ತಿ ಪತ್ರಿಕೆ ಅಂದರೆ 2, 6, 12, 20, 30 ಆದ ಮೇಲೆ ಏನು ಎನ್ನುವಂಥವು. ವ್ಯತ್ಯಾಸ ನೋಡಿ: 4, 6, 8, 10. ಮುಂದಿನದು 12, ಹಾಗಾಗಿ ಉತ್ತರ 42. ಇದು ಯಾವ ಪಾಠದಲ್ಲೂ ಇಲ್ಲ, ದಿನಾ ಹತ್ತು ಮಾಡಿದರೆ ತಾನಾಗಿ ಬರುತ್ತದೆ. ಜಾತಿ-ಆದಾಯ ಪತ್ರಕ್ಕೆ ನಾಡಕಚೇರಿಗೆ ಈಗಲೇ ಅರ್ಜಿ ಹಾಕಿ. ಮಗುವಿನ ಬ್ಯಾಂಕ್ ಖಾತೆಯಲ್ಲಿ, ಆಧಾರ್‌ನಲ್ಲಿ, ಶಾಲೆಯ ದಾಖಲೆಯಲ್ಲಿ ಹೆಸರಿನ ಅಕ್ಷರ ಒಂದೇ ರೀತಿ ಇದೆಯಾ ನೋಡಿ. ಪಾಸಾದ ಮಗುವಿನ ದುಡ್ಡು ಒಂದು ಇನಿಷಿಯಲ್‌ಗಾಗಿ ತಿಂಗಳುಗಟ್ಟಲೆ ನಿಂತದ್ದನ್ನು ನೋಡಿದ್ದೇನೆ.

ಹೆಜ್ಜೆ 8: ಜನವರಿಯಲ್ಲಿ ಅದೇ ಪತ್ರಿಕೆ

ಸಂಕ್ರಾಂತಿ ಆದ ವಾರ ತಪ್ಪುಗಳ ನೋಟ್‌ಬುಕ್ ಮತ್ತೆ ತೆಗೆಯಿರಿ. ಉತ್ತರಗಳನ್ನು ಮುಚ್ಚಿ, ಅಕ್ಟೋಬರ್‌ನಲ್ಲಿ ತಪ್ಪಿದ ಪ್ರಶ್ನೆಗಳನ್ನೇ ಮಾಡಿಸಿ. ಅಂಕಿ ಸ್ವಲ್ಪ ಬದಲಿಸಿ, 1/2 + 1/3 ಇದ್ದದ್ದು 1/4 + 2/3 ಆಗಲಿ. ಸರಿಯಾದರೆ ಅದರ ಮೇಲೆ ಮಗುವೇ ಗೆರೆ ಎಳೆಯಲಿ. ಆ ಗೆರೆ ಎಳೆಯುವಾಗ ಮುಖ ನೋಡಿ.

ಇನ್ನೂ ಉಳಿದ ತಪ್ಪುಗಳಿದ್ದರೆ ಟ್ಯೂಷನ್ ಬಗ್ಗೆ ಯೋಚಿಸುವ ಸಮಯ ಇದು. ಸೇರಿಸುವ ಮೊದಲು ಅವರ ಮುಂದೆ ಆ ನೋಟ್‌ಬುಕ್ ಇಡಿ, "ಈ ನಾಲ್ಕು ಬರುತ್ತಿಲ್ಲ, ಇದನ್ನು ಕಲಿಸಿಕೊಡುತ್ತೀರಾ?" ಎಂದು ಕೇಳಿ. ಪುಟ ತಿರುಗಿಸಿ ನೋಡಿದವರ ಹತ್ತಿರ ಕಳಿಸಿ. ನೋಟ್‌ಬುಕ್ ಪಕ್ಕಕ್ಕಿಟ್ಟು ಫೀಸ್ ಹೇಳಿದರೆ ಬೇರೆ ಕಡೆ ಕೇಳಿ.